ಮಲಂಗಸಾಬಜ್ಜನ ಶೆಡ್ಡಿನ ಸುತ್ತಲಿನ ಸಾಲುಗಳು

ಶಿಗ್ಲಿಯ ಮಲಂಗಸಾಬಜ್ಜ ಬೀಜ ಬಿತ್ತುವ ಕೂರಿಗೆ ಮಾಡುವ ಬಡಿಗರು. ತಮ್ಮ ಹತ್ತು ಗುಂಟೆ ಹೊಲದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ನಲವತ್ತು ವರ್ಷದಿಂದ ಅಲ್ಲಿಯೇ ಕೆಲಸ ಮಾಡುತ್ತಾರೆ.

ಹೋದ ವರ್ಷ ಮೊಮ್ಮಗಳು ರುಹಿ ‘ಮಲಂಗಸಾಬ ಕೂರಿಗೆ ಕಾರ್ಖಾನೆ’ ಎಂದು ಬೋರ್ಡ್ ಬರೆದು ಶೆಡ್ಡಿಗೆ ಹಾಕಿದಳು. ಅಜ್ಜ ಅದನ್ನು ದಿನಾ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಈ ಜೂನಿನಲ್ಲಿ ಆ ಬೋರ್ಡು ನೋಡಿಯೇ ತಹಶೀಲ್ದಾರರ ನೋಟೀಸು ಬಂತು. ಕೃಷಿ ಜಮೀನಿನಲ್ಲಿ ಪರವಾನಗಿ ಇಲ್ಲದೆ ಕಾರ್ಖಾನೆ ನಡೆಸುತ್ತಿದ್ದೀರಿ, ಶೆಡ್ಡನ್ನು ಏಕೆ ತೆರವು ಮಾಡಬಾರದು? ಆದೇಶ ಆಗುವ ತನಕ ಕೆಲಸ ನಿಲ್ಲಿಸಿ.

“ದೊಡ್ಡ ಅಕ್ಷರದಾಗ ಬರಸಿದ್ರಿ, ಸರಕಾರದವ್ರು ಓದ್ಯಾರ ನೋಡ್ರಿ,” ಎಂದರು ಹೆಂಡತಿ ಜನ್ನತಬಿ.

ಗೆಳೆಯ ಹೇಮಪ್ಪ ಒಂದು ಉಪಾಯ ಹೇಳಿದರು. “ಬೋರ್ಡ್ ಇಳಿಸಿ, ದನದ ಕೊಟ್ಟಿಗಿ ಐತ್ರಿ ಅಂದಬಿಡು.”

“ದನ ಎಲ್ಲೈತಿ ಅಂದ್ರ ನಿನ್ನ ತೋರಸ್ಲೇನಲೇ?”

ಅಜ್ಜ ಬೋರ್ಡು ಇಳಿಸಿದರು, ಕೆಲಸವನ್ನೂ ನಿಲ್ಲಿಸಿದರು. ಸುಳ್ಳು ಹೇಳಲು ಮಾತ್ರ ಒಪ್ಪಲಿಲ್ಲ.

ಜುಲೈನಲ್ಲಿ ಕಂದಾಯ ನಿರೀಕ್ಷಕರು ಪಂಚನಾಮೆಗೆ ಬಂದರು.

“ಇಲ್ಲಿ ಏನ್ ಮಾಡ್ತೀರಿ?”

“ಕೂರಿಗಿ ಮಾಡ್ತೀನ್ರಿ.”

“ಮತ್ತ ಬೆಳಿ ಎಲ್ಲೈತಿ?”

“ನಿಮ್ಮ ಕಾಲಾಗ ಐತ್ರಿ. ಸ್ವಲ್ಪ ಸರೀರಿ.”

ನಿರೀಕ್ಷಕರು ಸರಿದು ಕೆಳಗೆ ನೋಡಿದರು. ಶೆಡ್ಡಿನ ಬಾಗಿಲಿನವರೆಗೂ ಹಸಿರು ಸಾಲುಗಳಿದ್ದವು. ಪರೀಕ್ಷೆ ಮಾಡದೆ ಅಜ್ಜ ಒಂದು ಕೂರಿಗೆಯನ್ನೂ ಕೊಡುವುದಿಲ್ಲ. ರೈತರು ತಂದ ಬೀಜವನ್ನೇ ಹಾಕಿಸಿ, ಅವರ ಕೈಯಲ್ಲೇ ಶೆಡ್ಡಿನ ಸುತ್ತ ಎಳೆಸುತ್ತಾರೆ. ಕೂರಿಗೆಯ ಮೂರೂ ಕೊಳವೆಗಳಿಂದ ಕಾಳು ಸಮವಾಗಿ ಬೀಳಬೇಕು. ನೋಟೀಸಿಗೆ ಮುಂಚೆ ಹಾಗೆ ಬಿದ್ದ ಕಾಳೆಲ್ಲ ಮಳೆಗೆ ಮೊಳೆತಿದ್ದವು.

ಅಜ್ಜ ಬೆರಳು ತೋರಿಸುತ್ತ ನಡೆದರು. “ಇದು ಗೌಸಬಿದು, ಸಜ್ಜಿ. ಇದು ಅಯ್ಯೂಬಂದು, ಗೋವಿನಜೋಳ.”

“ಈ ಸೊಟ್ಟ ಸಾಲು?”

“ಹೇಮಪ್ಪನ ಶೇಂಗಾರೀ. ಕೂರಿಗಿ ನೆಟ್ಟಗ ಐತಿ, ಎಳದಾಂವ ಸೊಟ್ಟ.”

ಪಂಚರಾಗಿ ಸಹಿ ಮಾಡಲು ಬಂದಿದ್ದ ಹೇಮಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕರು. ನಿರೀಕ್ಷಕರೂ ನಗುತ್ತ, ಸಾಲುಗಳನ್ನು ಎಣಿಸಿ, ಬೆಳೆಗಳ ಹೆಸರು ಒಂದೊಂದಾಗಿ ಬರೆದುಕೊಂಡರು. ಶೆಡ್ಡಿನೊಳಗೆ ಕರೆಂಟಿನ ಯಂತ್ರ ಒಂದೂ ಇರಲಿಲ್ಲ. ಅದನ್ನೂ ಬರೆದರು.

ಮೂರು ವಾರಕ್ಕೆ ಆದೇಶ ಬಂತು. ಜಮೀನು ಸಾಗುವಳಿಯಲ್ಲಿದೆ, ಶೆಡ್ಡು ಬೇಸಾಯದ ಸಾಮಾನಿನದು, ನೋಟೀಸು ಕೈಬಿಡಲಾಗಿದೆ. ರುಹಿ ಅದನ್ನು ಎರಡು ಸಲ ಓದಿ ಹೇಳಿದಳು. ಅಜ್ಜ ಮೂರನೆಯ ಸಲ ಕೇಳಲು ನಿಲ್ಲಲಿಲ್ಲ, ಶೆಡ್ಡಿಗೆ ಹೊರಟರು. ಹಿಂಗಾರಿಗೆ ಕೊಡಬೇಕಾದ ಆರು ಕೂರಿಗೆಗಳು ಅಲ್ಲಿ ಅರ್ಧಕ್ಕೆ ನಿಂತಿದ್ದವು. ಜನ್ನತಬಿ ಚಹಾ ತಂದಾಗ ಮರ ಕೆತ್ತುವ ಬಾಚಿಯ ಸಪ್ಪಳ ಓಣಿಯವರೆಗೂ ಕೇಳುತ್ತಿತ್ತು. ಅವರು ಲೋಟ ಇಟ್ಟು, ಅದನ್ನೇ ಕೇಳುತ್ತ ಅಲ್ಲಿಯೇ ಕುಳಿತರು.