ಅರ್ಧ ಹೇಳಿದ ಮಾತು

ನಮ್ಮ ಭೂಗೋಳದ ಮಾಸ್ತರರ ಎಡಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಆ ಬೋಳು ಬೆರಳಿನಿಂದ ಮೇಜಿನ ಮೇಲೆ ಎರಡು ಒಣ ಕಟಕ ರೊಟ್ಟಿ ಜೋಡಿಸಿ, ಒಂದಕ್ಕೊಂದು ಒತ್ತುತ್ತಿದ್ದರು. ಸ್ವಲ್ಪ ಹೊತ್ತು ತಡೆದುಕೊಂಡ ಅಂಚು ಫಟ್ಟನೆ ಮುರಿಯುತ್ತಿತ್ತು.

"ಭೂಮಿ ಮ್ಯಾಲಿನ ಪದರಾ ಹಿಂಗ ತುಂಡು ತುಂಡು ಐತಿ. ಒಂದಕ್ಕೊಂದು ನೂಕತಾವ. ಅಂಚಿನ್ಯಾಗ ಬಿಗದು ಬಿಗದು ಒಮ್ಮೆಲೆ ಜಾರತಾವ. ಅದಕ್ಕ ಭೂಕಂಪ ಅಂತಾರ. ಹಿಮಾಲಯ ಅಂಥಾ ಅಂಚು. ನಾವು ನಡುವ ಅದೀವಿ, ಇಲ್ಲೆ ಭಾಳ ಕಡಿಮಿ. ಆಗೂದ ಇಲ್ಲ ಅಂತಲ್ಲ ಮತ್ತ."

ಮುರಿದ ರೊಟ್ಟಿ ನಮಗೇ ಹಂಚುತ್ತಿದ್ದರು. ಅದು ಅವರ ಮಧ್ಯಾಹ್ನದ ಊಟ ಅಂತ ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಎಂಬತ್ತರ ದಶಕದ ಒಂದು ಬೇಸಿಗೆ, ನಾನು ಒಂಬತ್ತನೇ ಇಯತ್ತೆ. ನವಲಗುಂದ ಕಡೆಯ ಕಪ್ಪು ಎರಿ ನೆಲ ಬಿಸಿಲಿಗೆ ಬಾಯಿ ಬಿಡುವುದು ಹೊಸದಲ್ಲ. ಆದರೆ ಎಲ್ಲೋ ಉತ್ತರದಲ್ಲಿ ಭೂಕಂಪವಾಯಿತೆಂದು ರೇಡಿಯೋ ಹೇಳಿದ ವಾರವೇ ನಮ್ಮ ಅಡಿಗೆಮನೆಯ ಗೋಡೆ ಬಿರಿಯಿತು. ಇನ್ನು ಭೂಮಿ ನಡುಗುವುದೇ ಎಂದು ಓಣಿಯೆಲ್ಲ ಹೆದರಿತು. ಅವ್ವ ಅಂಗಳದಲ್ಲಿ ಮೂರು ಕಲ್ಲಿಟ್ಟು ಅಡಿಗೆ ಮಾಡತೊಡಗಿದಳು.

ಮಾಸ್ತರರನ್ನು ಕೇಳಿದೆ. "ಭೂಕಂಪ ಅಲ್ಲವ್ವಾ ಅದು. ಎರಿ ಮಣ್ಣು ಒಣಗಿ ಕುಗ್ಗೇತಿ, ಬುನಾದಿ ಸಡ್ಲಾಗೇತಿ. ಗೌಂಡಿನ್ನ ಕರಸಿ ಗ್ವಾಡಿ ತೋರಸ್ರಿ. ಅಲ್ಲೀತನಕಾ ಒಳಗ ಹೋಗಬ್ಯಾಡ್ರಿ," ಅಂದರು.

ನನ್ನ ಸೊಕ್ಕು ನೋಡಿ. ಮನೆಗೆ ಬಂದವಳು, "ಭೂಕಂಪ ಅಂಚಿನ್ಯಾಗ ಆಗತೈತಿ, ನಮ್ಮ ಕಡೆ ಅಲ್ಲ. ಮಾಸ್ತರ ಹೇಳ್ಯಾರ, ಅಂಜಬ್ಯಾಡ್ರಿ," ಎಂದಷ್ಟೇ ಹೇಳಿ ಓಣಿಯವರ ಮುಂದೆ ಮೆರೆದೆ. ಗೋಡೆ ಕಟ್ಟುವ ಗೌಂಡಿಯನ್ನು ಕರೆಸುವ, ಒಳಗೆ ಹೋಗದಿರುವ ಮಾತು ನುಂಗಿಬಿಟ್ಟೆ. ಅದರಲ್ಲಿ ಮೆರೆಯುವಂಥದ್ದೇನೂ ಇರಲಿಲ್ಲ. ಅವ್ವ ಮತ್ತೆ ಒಳಗಿನ ಒಲೆ ಹೊತ್ತಿಸಿದಳು. ಮೂರನೇ ದಿನ ಗೋಡೆ ಅವಳ ಕಾಲ ಮೇಲೆ ಬಿತ್ತು.

ಸಂಜೆ ಮಾಸ್ತರರು ಓಡಿ ಬಂದರು. ಅಪ್ಪ ಬಾಗಿಲಲ್ಲೇ ತಡೆದ.

"ನಿಮ್ಮ ಮಾತು ಕೇಳಿ ಒಳಗ ಹೋದ್ಲರಿ ಆಕಿ. ಏನ್ ಕಲಸ್ತೀರ್ರಿ ಹುಡುಗರಿಗೆ?"

ಮಾಸ್ತರರು ನನ್ನ ಕಡೆ ಒಮ್ಮೆ ನೋಡಿದರು.

"ತಪ್ಪು ನಂದರಿ. ಗ್ವಾಡಿ ಮಾತು ನಾ ಬಿಡಿಸಿ ಹೇಳಬೇಕಾಗಿತ್ತು," ಅಂದರು.

ಮರುದಿನ ಶಾಲೆಯಲ್ಲಿ ನನಗಷ್ಟೇ ಕೇಳುವಂತೆ, "ಅರ್ಧ ಮಾತು ಸುಳ್ಳಿಗಿಂತ ಕೆಟ್ಟದ್ದವ್ವಾ," ಎಂದರು. ಬೈಯಲಿಲ್ಲ. ಬೈದಿದ್ದರೆ ಮನೆಯಲ್ಲಿ ಒಪ್ಪಿಕೊಳ್ಳುತ್ತಿದ್ದೆನೋ ಏನೋ.

ಅವ್ವನ ಕಾಲು ನೆಟ್ಟಗಾಗಲೇ ಇಲ್ಲ. ಹಬ್ಬ ಹುಣ್ಣಿಮೆಗೆ ಮಾಸ್ತರರು ತಪ್ಪದೆ ಬಂದು ಕಟ್ಟೆಯ ಮೇಲೆ ಕೂತು, "ಕಾಲು ಹೆಂಗೈತ್ರಿ ತಂಗಿ?" ಎನ್ನುವರು. ಅವ್ವ ಮಾರಿ ತಿರುವಿ ಒಳಗೆ ಹೋಗುವಳು. ನಾನು ಹೇಡಿ, ಸುಮ್ಮನಿರುತ್ತಿದ್ದೆ.

ಅವರು ತೀರಿಕೊಂಡರೆಂಬ ಸುದ್ದಿ ಬಂದ ದಿನ ಅವ್ವನಿಗೆ ಎಲ್ಲ ಹೇಳಿದೆ. ಹೊಡೆದರೂ ಹೊಡೆಯಲಿ ಅಂದುಕೊಂಡಿದ್ದೆ. ಆಕೆ ಕಾಲು ನೀವಿಕೊಳ್ಳುತ್ತ ಕೂತಳು.

"ಇಷ್ಟು ವರ್ಷ ಬಂದ್ರು," ಅಂದಳು. "ಒಂದು ತಂಬಿಗಿ ನೀರು ಕೊಡಲಿಲ್ಲಲ್ಲ ನಾ ಅವರಿಗೆ."