ಹಂಗಾಮು ಮುಗಿದ ಮೇಲಿನ ಕೆಲಸ

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಮಿರಜದ ಸ್ಟೇಷನ್ ಹತ್ತಿರದ ಒಂದು ಟ್ರಾವೆಲ್ ಏಜನ್ಸಿಯಲ್ಲಿ ವಲಸೆ ಅರ್ಜಿಗಳ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ನಾನು, ಒಂದು ಟೈಪ್‌ರೈಟರ್, ಒಂದು ಕಪಾಟು, ಅಷ್ಟೇ. ಮಿರಜ ಆಸ್ಪತ್ರೆಗಳ ಊರು. ಪರದೇಶಕ್ಕೆ ಹೋಗಬೇಕೆನ್ನುವ ನರ್ಸುಗಳು, ಲ್ಯಾಬ್ ಟೆಕ್ನಿಷಿಯನ್ನರು ನಮ್ಮಲ್ಲಿಗೆ ಬರುತ್ತಿದ್ದರು. ಸಾಂಗಲಿ ಸುತ್ತಲಿನ ಸಹಕಾರಿ ಸಕ್ಕರೆ ಕಾರ್ಖಾನೆ, ನೂಲಿನ ಗಿರಣಿಗಳಿಂದಲೂ ಆಗೊಬ್ಬ ಈಗೊಬ್ಬ ಬರುತ್ತಿದ್ದ.

ನನ್ನ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಚ್ಚಿನವರ ಅರ್ಜಿ ಕೆನಡಾಕ್ಕೆ. ಕೆನಡಾದವರ ಬಳಿ ಉದ್ಯೋಗಗಳದೇ ಒಂದು ದಪ್ಪ ಪಟ್ಟಿ ಇತ್ತು. ಪ್ರತಿ ಉದ್ಯೋಗಕ್ಕೂ ಒಂದು ಕೋಡ್ ನಂಬರ್, ಅದರ ಕೆಳಗೆ ಆ ಕೆಲಸದವನು ದಿನವೂ ಏನೇನು ಮಾಡುತ್ತಾನೆ ಎಂಬ ವಿವರ. ನಮ್ಮ ಅರ್ಜಿದಾರ ಮಾಡುವ ಕೆಲಸ ಆ ವಿವರಕ್ಕೆ ತಾಳೆಯಾಗಬೇಕು. ನೇಮಕಾತಿ ಪತ್ರದಲ್ಲಿ ‘ಸೂಪರ್‌ವೈಸರ್’ ಎಂದು ಇದ್ದ ಮಾತ್ರಕ್ಕೆ ಏನೂ ಆಗದು, ಕೈ ಏನು ಮಾಡುತ್ತದೆ ಎಂಬುದು ಮುಖ್ಯ. ಆ ಕೋಡಿಗೆ ಅವರ ದೇಶದಲ್ಲಿ ಬೇಡಿಕೆ ಇದ್ದರೆ ಅಂಕ ಸಿಗುತ್ತಿತ್ತು. ಬೇಡಿಕೆಯ ಅಂಕ ಸೊನ್ನೆಯಾದರೆ ಉಳಿದದ್ದು ಎಷ್ಟೇ ಚೆನ್ನಾಗಿರಲಿ, ಅರ್ಜಿ ಅಲ್ಲಿಗೇ ಮುಗಿಯಿತು.

ನನ್ನ ಸ್ವಂತ ಕೆಲಸಕ್ಕೂ ಅದರಲ್ಲಿ ಕೋಡ್ ಇತ್ತು. ಬೇಡಿಕೆ ಸೊನ್ನೆ. ಊರವರನ್ನೆಲ್ಲ ವಿಮಾನ ಹತ್ತಿಸಿ ನೀವು ಇಲ್ಲೇ ಕುಳಿತಿರಲ್ಲ, ಹೊಟ್ಟೆಕಿಚ್ಚು ಆಗುತ್ತಿರಲಿಲ್ಲವೇ ಎಂದು ಈಗಲೂ ಜನ ಕೇಳುತ್ತಾರೆ. ಆಗದೆ ಏನು, ನಾನೇನು ಸನ್ಯಾಸಿಯೇ? ವೀಸಾ ಬಂದವರು ಪೇಢೆ ತಂದು ಕೊಟ್ಟರೆ ತಿನ್ನುತ್ತಿದ್ದೆ, ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೆ ಭೂಪಾಲನ ಪ್ರಕರಣದಲ್ಲಿ ಆದ ಹೊಟ್ಟೆಕಿಚ್ಚಿನ ಮುಂದೆ ಇದೆಲ್ಲ ಏನೂ ಅಲ್ಲ.

ಭೂಪಾಲ ನನ್ನ ಹೆಂಡತಿ ಪದ್ಮಾವತಿಯ ಸೋದರಮಾವನ ಮಗ. ನಮ್ಮ ಕಡೆ ಹೆಣ್ಣು ಕೊಡುವಾಗ ಮೊದಲು ಸೋದರಮಾವನ ಮನೆ ಕೇಳುತ್ತಾರೆ, ಅವರು ಬೇಡವೆಂದ ಮೇಲೆ ಹೊರಗೆ ನೋಡುತ್ತಾರೆ. ಇಲ್ಲಿ ಅವರೇನೂ ಬೇಡ ಎಂದಿರಲಿಲ್ಲ. ಸಲಗರೆಯ ನನ್ನ ಮಾವನವರಿಗೆ ಕುರ್ಚಿಯ ಮೇಲೆ ಕುಳಿತು ಸಂಬಳ ತರುವ ಅಳಿಯ ಬೇಕಾಗಿದ್ದ. ಭೂಪಾಲ ಸಕ್ಕರೆ ಕಾರ್ಖಾನೆಯಲ್ಲಿ ಸೀಜನಲ್ ನೌಕರ, ಅಂದರೆ ಕಬ್ಬು ನುರಿಸುವ ಹಂಗಾಮಿಗಷ್ಟೇ ಕಾಗದದ ಮೇಲೆ ಕೆಲಸ. ಹಾಗಾಗಿ ಹೆಣ್ಣು ನನಗೆ ಬಂತು. ಭೂಪಾಲ ಬುಧಗಾಂವದಲ್ಲಿ ಉಳಿದ, ಮದುವೆಯನ್ನೂ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ. ನಾನು ಮಾತ್ರ ಮನಸ್ಸಿನಲ್ಲಿ ದಿನಾ ಕೇಳಿಕೊಳ್ಳುತ್ತಿದ್ದೆ.

ಪದ್ಮಾವತಿಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ಆದ್ದರಿಂದ ನಾಗರಪಂಚಮಿಗೆ ಅವಳನ್ನು ತವರಿಗೆ ಕರೆದೊಯ್ಯಲು ವರ್ಷವರ್ಷವೂ ಭೂಪಾಲನೇ ಬರುತ್ತಿದ್ದ. ಮನೆಯಲ್ಲಿ ಅವಳನ್ನು ‘ಪದ್ಮಿ’ ಎಂದು ಕರೆಯುವವನು ಅವನೊಬ್ಬನೇ. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಅವನ ಮೇಲೆ ತಪ್ಪು ಹೊರಿಸಲು ಒಂದಾದರೂ ನೆಪ ಸಿಗಬೇಕಲ್ಲ! ಒಡಹುಟ್ಟಿದವಳ ಗಂಡನನ್ನು ಕರೆಯುವಂತೆ ನನ್ನನ್ನು ‘ದಾಜಿ’ ಎನ್ನುತ್ತಿದ್ದ, ತಗ್ಗಿ ಮಾತಾಡುತ್ತಿದ್ದ, ಕೊಟ್ಟ ಚಹಾ ಕುಡಿದು ಎದ್ದು ಹೋಗುತ್ತಿದ್ದ. ಅದರಿಂದಂತೂ ನನಗೆ ಇನ್ನೂ ಸಿಟ್ಟು ಬರುತ್ತಿತ್ತು.

ಆ ವರ್ಷ ಹಂಗಾಮು ಮುಗಿದ ಮೇಲೆ ಒಂದು ರವಿವಾರ ಭೂಪಾಲ ಮನೆಗೆ ಬಂದು, ತಾನೂ ಕೆನಡಾಕ್ಕೆ ಅರ್ಜಿ ಹಾಕಬೇಕೆಂದ. ಕಾರ್ಖಾನೆಯಲ್ಲಿ ಸೀಜನಲ್ ಜನರನ್ನು ಕಾಯಂ ಮಾಡುವುದಿಲ್ಲ ಎಂದು ಆಡಳಿತ ಮಂಡಳಿ ಕೈ ತೊಳೆದುಕೊಂಡಿತ್ತು. ವಯಸ್ಸು ಮೂವತ್ತನಾಲ್ಕು. ಇನ್ನೂ ತಡಮಾಡಿದರೆ ಯಾವ ದೇಶವೂ ಬೇಡ ಎನ್ನುತ್ತದೆ, ಇದೊಂದೇ ಸಲ ದಾಜಿ ಎಂದ. ಸಾಂಗಲಿಯಲ್ಲಿ ಐಟಿಐ ಫಿಟ್ಟರ್ ಕೋರ್ಸ್ ಮುಗಿಸಿದ ಸರ್ಟಿಫಿಕೇಟ್ ಇತ್ತು. ಇಂಗ್ಲಿಷ್ ತಕ್ಕಮಟ್ಟಿಗೆ ಬರುತ್ತಿತ್ತು.

ಅವನು ಹೋದರೆ ‘ಕೆನಡಾದ ಭೂಪಾಲ’ ಆಗುತ್ತಾನೆ, ನಾನು ಮಿರಜದ ಗುಮಾಸ್ತನಾಗಿಯೇ ಉಳಿಯುತ್ತೇನೆ. ಮಾವನವರು ಹೆಣ್ಣು ಯಾರಿಗೆ ಕೊಟ್ಟೆವು ಎಂದು ಹಣೆ ಹಣೆ ಬಡಿದುಕೊಳ್ಳುತ್ತಾರೆ. ಇದು ಒಂದು ಉರಿ. ಹೋಗದಿದ್ದರೆ? ಮುಂದಿನ ಪಂಚಮಿಗೆ ಮತ್ತೆ ಬಾಗಿಲಲ್ಲಿ ನಿಂತು ‘ಪದ್ಮಿ’ ಎನ್ನುತ್ತಾನೆ. ಇದು ಇನ್ನೊಂದು. ಎರಡನ್ನೂ ತೂಗಿ ನೋಡಿದೆ. ಸಮುದ್ರದಾಚೆಗೆ ಹೋಗಲಿ ಎಂದು ತೀರ್ಮಾನಿಸಿದೆ. ನನ್ನ ವೃತ್ತಿಯಲ್ಲಿ ಯಾವ ಅರ್ಜಿಗೂ ಅಷ್ಟು ಮನಸ್ಸಿಟ್ಟು ಕೂತವನಲ್ಲ.

ಕಾಗದ ತೆಗೆದುಕೊಂಡು ಏನು ಕೆಲಸ ಮಾಡುತ್ತಿ ಎಂದು ಕೇಳಿದೆ. ಮಿಲ್ ಅಟೆಂಡೆಂಟ್ ಎಂದ. ಕಬ್ಬು ಅರೆಯುವ ರೋಲರುಗಳ ಬಳಿ ನಿಲ್ಲುವುದು, ಎಣ್ಣೆ ಹಾಕುವುದು, ಬೇರಿಂಗ್ ಬಿಸಿಯಾಯಿತೇ ಎಂದು ಮುಟ್ಟಿ ನೋಡುವುದು, ಕಬ್ಬು ಸಿಕ್ಕಿಕೊಂಡರೆ ಮಿಲ್ ನಿಲ್ಲಿಸುವುದು. ಮುಂದೇನು ಎಂದೆ. ಅಷ್ಟೇ ಎಂದ. ಸಕ್ಕರೆ ಯಂತ್ರ ನೋಡಿಕೊಳ್ಳುವವನಿಗೂ ಒಂದು ಕೋಡ್ ಇತ್ತು, ಬೇಡಿಕೆ ಸೊನ್ನೆ. ಫಿಟ್ಟರ್ ಸರ್ಟಿಫಿಕೇಟ್ ಒಂದರಿಂದ ಪ್ರಯೋಜನವಿಲ್ಲ, ಆ ಕೆಲಸ ಮಾಡಿದ ಅನುಭವ ಬೇಕು. ಎರಡನೆಯ ರವಿವಾರ ಮತ್ತೆ ಕರೆಸಿ ಮತ್ತೆ ಕೇಳಿದೆ. ಅದೇ ರೋಲರು, ಅದೇ ಎಣ್ಣೆ. ಇವನು ಇಲ್ಲೇ ಗಂಟು ಬಿದ್ದ ಎಂದುಕೊಂಡೆ.

ಅದರ ಮುಂದಿನ ರವಿವಾರ ಪದ್ಮಾವತಿ ಚಹಾ ತಂದಿಟ್ಟವಳು ಒಳಗೆ ಹೋಗದೆ ಬಾಗಿಲಲ್ಲೇ ನಿಂತಳು.

“ಭೂಪಾ, ಪಂಚಮಿಗೆ ನನ್ನ ಕರ್ಯಾಕ ಬಂದಾಗೆಲ್ಲಾ ನಿನ್ನ ಕೈ ಗ್ರೀಸಿನಾಗ ಕರ್ರಗ ಇರ್ತಾವಲ್ಲ. ಆವಾಗ ಫ್ಯಾಕ್ಟರಿ ಬಂದ್ ಇರ್ತೈತಿ. ಏನ ಮಾಡ್ತಿರ್ತಿ ಅಲ್ಲೆ?” ಎಂದಳು.

ಭೂಪಾಲ ನಕ್ಕುಬಿಟ್ಟ. “ಅದೇನ್ ಕೆಲಸಲೇ ಪದ್ಮಿ, ಅದು ರಿಪೇರಿ. ಮಿಲ್ ಪೂರ್ತಿ ಬಿಚ್ಚಿ ಮತ್ತ ಕೂಡಸ್ತೇವಿ.”

ಕಾರ್ಖಾನೆಯ ಜನಕ್ಕೆಲ್ಲ ಹೀಗೆಯೇ. ಹಂಗಾಮು ಎಂದರೆ ಕೆಲಸ. ಚಿಮಣಿಯಲ್ಲಿ ಹೊಗೆ ಬರುವ ತಿಂಗಳುಗಳಷ್ಟೇ ಲೆಕ್ಕಕ್ಕೆ. ಆಮೇಲೆ ಮಳೆಗಾಲ ಪೂರ್ತಿ ಆಯ್ದ ಕೆಲವರನ್ನು ಕರೆಸಿ ಮಾಡಿಸುವುದು ‘ರಿಪೇರಿ’. ಏನು ಮಾಡುತ್ತಿ ಎಂದು ಯಾರಾದರೂ ಕೇಳಿದರೆ ಅದನ್ನು ಒಬ್ಬನೂ ಹೇಳುವುದಿಲ್ಲ. ನನ್ನ ಮನೆಯಲ್ಲಿ ಅದೇ ಕೈಯಿಂದ ವರ್ಷವರ್ಷ ಉಂಡಿ ತಿಂದು ಹೋಗಿದ್ದಾನೆ, ನನಗೆ ಅದು ಕಂಡಿರಲಿಲ್ಲ. ಅವಳಿಗೆ ಕಂಡಿತ್ತು. ದಾರಿ ಸಿಕ್ಕಿತಲ್ಲ ಎಂದು ಖುಷಿಪಡಬೇಕೋ, ಇವಳು ಅವನ ಕೈ ಇಷ್ಟು ನೋಡಿಟ್ಟಿದ್ದಾಳಲ್ಲ ಎಂದು ಸಾಯಬೇಕೋ ತಿಳಿಯಲಿಲ್ಲ. ಚಹಾ ಹಾಗೇ ಆರಿತು.

ಆದರೂ ಕೇಳತೊಡಗಿದೆ. ರೋಲರ್ ಎತ್ತುವುದು ಹೇಗೆ? ಮುಂದೇನು? ಸವೆದ ಬೇರಿಂಗ್ ತೆಗೆದು ಹೊಸದನ್ನು ಯಾರು ಕೂರಿಸುತ್ತಾರೆ? ನೀನೇ? ಅಳತೆ ಯಾವುದರಿಂದ? ರೋಲರುಗಳ ನಡುವಿನ ಸಂದು ಯಾರು ನಿಗದಿ ಮಾಡುತ್ತಾರೆ? ಗೇರ್ ಸರಿಸಮ ಬಂದಿದೆ ಎಂದು ಹೇಗೆ ಗೊತ್ತಾಗುತ್ತದೆ? ಮುಂದೇನು? ಅದೇ ವಾರ ಕಪಾಟಿನಿಂದ ಪಟ್ಟಿ ತೆಗೆದು ನೋಡಿದರೆ, ‘ಮಿಲ್‌ರೈಟ್’ ಎಂಬ ಕೋಡಿನ ಕೆಳಗೆ ಇವನು ಹೇಳಿದ್ದೇ ಹೆಚ್ಚುಕಡಿಮೆ ಅದೇ ಸಾಲಿನಲ್ಲಿ ಇತ್ತು. ದೊಡ್ಡ ಯಂತ್ರಗಳನ್ನು ಬಿಚ್ಚಿ, ಸವೆದ ಭಾಗ ಬದಲಿಸಿ, ಸರಿಸಮ ಕೂರಿಸುವವನು ಮಿಲ್‌ರೈಟ್. ಬೇಡಿಕೆಯೂ ಇತ್ತು. ಅವನು ಹಂಗಾಮಿನಾಚೆ ದುಡಿದ ತಿಂಗಳುಗಳನ್ನು ಕೂಡಿಸಿದರೆ ನಾಲ್ಕು ವರ್ಷದ ಮೇಲಾಯಿತು. ಇನ್ನೂ ಎರಡು ರವಿವಾರ ಕೂರಿಸಿ ಕೇಳಿ ವಿವರಗಳನ್ನು ಪೂರ್ತಿ ಮಾಡಿಕೊಂಡೆ.

ಉಳಿದದ್ದು ಕಾರ್ಖಾನೆಯ ಅನುಭವ ಪತ್ರ. ಚೀಫ್ ಇಂಜಿನಿಯರ್ ಸಹಿ ಹಾಕಬೇಕಾದರೆ ಮಿಲ್ ಫೋರಮನ್ ಒಪ್ಪಬೇಕು. ಫೋರಮನ್ ಒಪ್ಪಲಿಲ್ಲ. ತಾನು ಇಪ್ಪತ್ತು ವರ್ಷ ಸವೆದರೂ ಕೊಲ್ಹಾಪುರ ದಾಟಿಲ್ಲ, ಈ ಸೀಜನಲ್ ಹುಡುಗ ಕೆನಡಾಕ್ಕೆ ಹೋಗುತ್ತಾನೆಯೇ ಎಂದು ಮರಾಠಿಯಲ್ಲಿ ರೇಗಾಡಿದನಂತೆ. ಭೂಪಾಲ ಮುಖ ಸಣ್ಣಗೆ ಮಾಡಿಕೊಂಡು ಬಂದ. ನಾನೇ ಕಾರ್ಖಾನೆಗೆ ಹೋದೆ. ಫೋರಮನ್ನನ ಮುಖ ನೋಡಿದ ಕೂಡಲೇ ನನಗೆ ಅವನ ಜಡ್ಡು ತಿಳಿಯಿತು, ನನ್ನದೂ ಅದೇ ಜಡ್ಡು. ಅಂಥವನಿಗೆ ನ್ಯಾಯ ಹೇಳಿ ಏನೂ ಉಪಯೋಗವಿಲ್ಲ. ಪತ್ರದ ಮೊದಲ ಸಾಲಿಗೇ, ಈ ಎಲ್ಲ ಕೆಲಸವನ್ನು ಇವನು ಇಂಥ ಫೋರಮನ್ನರ ನೇರ ಮಾರ್ಗದರ್ಶನದಲ್ಲಿ ಕಲಿತು ಮಾಡಿದ್ದಾನೆ ಎಂದು ಅವನ ಪೂರ್ತಿ ಹೆಸರು ಸೇರಿಸಿದೆ. ಅದು ನಿಜವೂ ಆಗಿತ್ತು. ನಿಮ್ಮ ಹೆಸರು ಕೆನಡಾ ಸರಕಾರದ ಮೇಜಿನ ಮೇಲೆ ಹೋಗುತ್ತದೆ ಎಂದೆ. ಫೋರಮನ್ ಎರಡು ಸಲ ಓದಿಸಿಕೊಂಡ, ಆಮೇಲೆ ನನಗೆ ಕ್ಯಾಂಟೀನಿನಲ್ಲಿ ಚಹಾ ಕುಡಿಸಿದ.

ದಿಲ್ಲಿಯ ಸಂದರ್ಶನದಲ್ಲಿ ಕೆನಡಾದ ಅಧಿಕಾರಿ ಗೇರ್ ಜೋಡಿಸುವುದನ್ನು ಕೇಳಿದರಂತೆ. ನನ್ನ ಮನೆಯಲ್ಲಿ ಅಷ್ಟು ಸಲ ಹೇಳಿ ಹೇಳಿ ಅವನ ನಾಲಗೆ ಸಲೀಸಾಗಿತ್ತು. ವೀಸಾ ಬಂತು. ಪೇಢೆ ತಂದ. ಆ ಒಂದು ಸಲ ಪೇಢೆ ಸರಾಗವಾಗಿ ಇಳಿಯಿತು.

ಅವನು ಹೊರಟ ದಿನ ಮಿರಜ ಸ್ಟೇಷನ್ನಿಗೆ ನಾನೊಬ್ಬನೇ ಹೋದೆ. ಪದ್ಮಾವತಿ ಬರುವುದಿಲ್ಲ ಎಂದಳು. ರೈಲು ಬಿಟ್ಟ ಮೇಲೆ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ, ಇವಳು ಅತ್ತಿರುತ್ತಾಳೆಯೇ? ಮನೆಗೆ ಬಂದು ಮೊದಲು ಅವಳ ಕಣ್ಣು ನೋಡಿದೆ. ಕೆಂಪಾಗಿರಲಿಲ್ಲ. ಮೊರ ಮಡಿಲಲ್ಲಿಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದಳು. ಹೋದ, ಎಂದೆ. ಹೂಂ, ಎಂದಳು. ನಿನಗೆ ಬೇಜಾರಾಯಿತೇನು ಎಂದು ಕೇಳದೆ ಇರಲಾಗಲಿಲ್ಲ.

ಮೊರ ಪಕ್ಕಕ್ಕಿಟ್ಟಳು. “ಬ್ಯಾಸರಲ್ಲ, ಅವ್ನ ಮ್ಯಾಲ ಹೊಟ್ಟೆಕಿಚ್ಚಾಗೇತಿ ನನಗ. ಕೆನಡಾಕ್ಕ ಹೋದಾ ಅಂತ ಅಲ್ರಿ. ಅಷ್ಟ ರವಿವಾರ ಕುಂತು ಅವ್ನ ಒಂದೊಂದ ಬೋಲ್ಟ್ ಕೇಳಿದ್ರಿ. ಮುಂದೇನು, ಮುಂದೇನು ಅಂದ್ರಿ. ನಮ್ಮ ಲಗ್ನಾಗಿ ಹನ್ನೊಂದ ವರ್ಷಾತು, ನನ್ನ ಒಂದ ದಿನಾನೂ ಹಂಗ ಕೇಳಿಲ್ಲ ನೀವು.”

ಇಷ್ಟು ವರ್ಷ ನಾನು ಇವಳ ಕಣ್ಣು ಅವನ ಕಡೆ ಹೋಗುತ್ತದೆಯೇ ಎಂದು ಕಾದೆ. ಇವಳು ನೋಡುತ್ತಿದ್ದದ್ದು, ನಾನು ಅವನ ಕಡೆ ತಿರುಗಿ ಕುಳಿತಿದ್ದನ್ನು. ನನಗೆ ಬರುವುದು ಒಂದೇ ವಿದ್ಯೆ. ಅವಳೆದುರು ನೆಲದ ಮೇಲೆ ಕುಳಿತು ಕೇಳಿದೆ.

“ಹೇಳು ಹಂಗಾರ. ಮುಂಜಾನೆ ಎದ್ದ ಕೂಡ್ಲೆ ಮೊದಲ ಏನ ಮಾಡ್ತಿ?”

ಅವಳು ನನ್ನ ಮುಖವನ್ನೇ ನೋಡಿದಳು. “ಯಾಕ, ನನ್ನೂ ಕಳಸ್ತೀರೇನು?” ಎಂದಳು.

ಆಗ ಹೊಳೆಯಿತು, ಭೂಪಾಲನನ್ನು ದೂರ ಕಳಿಸಲೆಂದೇ ನಾನು ಅಷ್ಟು ಮೈಮುರಿದು ದುಡಿದೆ ಎಂಬುದು ಅವಳಿಗೆ ಮೊದಲ ರವಿವಾರದಿಂದಲೇ ಗೊತ್ತಿತ್ತು. ಗೊತ್ತಿದ್ದೂ ಬಾಗಿಲಲ್ಲಿ ನಿಂತು ಅವನ ಕೈಯ ಮಾತು ತೆಗೆದಿದ್ದಳು.

ನಿವೃತ್ತನಾಗುವವರೆಗೆ ಇನ್ನೂ ನೂರಾರು ಜನರ ಕೆಲಸವನ್ನು ಬಿಡಿಸಿ ಬಿಡಿಸಿ ಕೇಳಿದ್ದೇನೆ. ಮೊದಲು ಹೇಳುವುದನ್ನು ಬರೆದುಕೊಂಡು ಎದ್ದುಬಿಡಬಾರದು, ಕೆಲಸವೇ ಅಲ್ಲ ಎಂದು ಅವರು ಬಿಟ್ಟುಬಿಡುವುದರಲ್ಲೇ ಅವರ ಕೆಲಸ ಇರುತ್ತದೆ ಎಂದು ಹೊಸದಾಗಿ ಸೇರಿದವರಿಗೆಲ್ಲ ಹೇಳಿಕೊಟ್ಟೆ. ಅದು ಆಫೀಸಿಗೆ ಸಾಕಾಗುವ ಪಾಠ. ನನಗೆ ಬೇಕಾದದ್ದು ಅದರಾಚೆಗಿತ್ತು. ಕಳಿಸಬೇಕಾದವರನ್ನು ಮಾತ್ರ ನಾನು ಕೂರಿಸಿ ಕೇಳುತ್ತಿದ್ದೆ. ಜೊತೆಯಲ್ಲೇ ಇರಲಿ ಎಂದು ಬಯಸುವವರನ್ನೂ ಹಾಗೆಯೇ ಕೂರಿಸಿ ಕೇಳಬೇಕು. ಆವತ್ತು ಅವಳಿಗೆ, ಇಲ್ಲ, ಎಲ್ಲಿಗೂ ಕಳಿಸುವುದಿಲ್ಲ ಎಂದೆ. ನಂಬಿದಳೋ ಬಿಟ್ಟಳೋ, ಮೊರ ಮತ್ತೆ ಮಡಿಲಿಗೆ ಎಳೆದುಕೊಂಡು ಹೇಳತೊಡಗಿದಳು.