ಮಲ್ಲಪ್ಪನ ಹೆಸರಿನ ಮುಂದಿನ ಕಂಸ

ನಮ್ಮ ಕಡೆ ಸತ್ತವರಿಗೂ ಫ್ಲೆಕ್ಸ್ ಬೇಕು, ಓದುಗ ಮಿತ್ರರೇ. ಫ್ಲೆಕ್ಸಿನಲ್ಲಿ ಹೆಸರಿನ ಮುಂದೊಂದು ಕಂಸ ಬೇಕು, ಕಂಸದೊಳಗೆ ಊರು ಇಟ್ಟ ಅಡ್ಡಹೆಸರು ಬೇಕು. ಒಂದೇ ಹೆಸರಿನ ಹತ್ತು ಜನರಿರುವ ಕಾಖಂಡಕಿಯಲ್ಲಿ, ಹೋದವನು ಯಾವ ಮಲ್ಲಪ್ಪ ಎಂಬುದನ್ನು ಆ ಕಂಸವೇ ಸಾರಬೇಕು.

ಸಂಘವೇ ಮಲಗಿದರೂ ನನ್ನನ್ನು ಬಿಡದ ನಾಟಕ ಸಂಘದ ಅಧ್ಯಕ್ಷಪದವಿಯ ಘನಭಾರ ಹೊತ್ತು, ಗೆಳೆಯ ಮಲ್ಲಪ್ಪ ತೀರಿದ ಮರುದಿನ, ಜೋರಾಪುರ ಪೇಟೆಯ ಫ್ಲೆಕ್ಸ್ ಅಂಗಡಿಯಲ್ಲಿ ಅವನ ಮಗಳು ಶಾಂತಾಳೊಂದಿಗೆ ಕುಳಿತಿದ್ದೆ. ಮಲ್ಲಪ್ಪನೆಂದರೆ ನಮ್ಮ ಸಂಘದ ನಾಟಕಗಳಲ್ಲಿ ಇಪ್ಪತ್ತು ವರ್ಷ ಸೀರೆಯುಟ್ಟು, ರಾಣಿಯಾಗಿ, ಸೊಸೆಯಾಗಿ, ಹಡೆದವ್ವನಾಗಿ ಅತ್ತು ಸುತ್ತಲ ಹಳ್ಳಿಗಳನ್ನೆಲ್ಲ ಅಳಿಸಿದವನು. ಕಂಸದಲ್ಲಿ ‘ಹೆಣ್ಣಿಗ’ ಎಂದು ಹಾಕಿಸಿದೆ.

“ಆ ಶಬ್ದ ತಗಸ್ರಿ, ಕಾಕಾ,” ಎಂದಳು ಶಾಂತಾ.

“ಅದು ಬೈಗಳ ಅಲ್ಲವ್ವಾ, ಬಿರುದು. ಊರು ಪ್ರೀತಿಲೆ ಕೊಟ್ಟದ್ದು.”

“ಅಷ್ಟು ಪ್ರೀತಿ ಇದ್ರ ನಿಮ್ಮ ಮಗಗ ಇಡ್ರಿ ಆ ಬಿರುದು.”

ಅಂಗಡಿಯವನು ಕೆಮ್ಮಿದಂತೆ ನಕ್ಕ. ನಾನು ಶಾಸನ ಓದುವವನ ಗಾಂಭೀರ್ಯದಿಂದ ಕಲೆ, ರಂಗಭೂಮಿ, ಜನಪದರ ನಿಷ್ಕಲ್ಮಷ ವಾತ್ಸಲ್ಯ ಎಂದೆಲ್ಲ ಉಪನ್ಯಾಸ ಕೊಟ್ಟೆ. ಮುಗಿದ ಮೇಲೆ ಶಾಂತಾ ನನ್ನ ಕಡೆ ತಿರುಗಿದಳು.

“ನನ್ನ ಲಗ್ನದಾಗ, ಬೀಗರ ಪಂಕ್ತಿಯೊಳಗ, ‘ಹೆಣ್ಣಿಗ್ಯಾ, ಹೋಳಿಗಿ ತಾರಲೇ’ ಅಂತ ನೀವ ಒದರಿದ್ರಿ. ಬೀಗರು ನಕ್ಕರು. ಅಪ್ಪಾನೂ ನಕ್ಕಾ. ಮರುದಿನ ನಾಟಕದ ಸೀರಿ ಎಲ್ಲಾ ಅವ್ವನ ಮುಂದ ಹಾಕಿ, ‘ಕೌದಿ ಹೊಲಿ’ ಅಂದ.”

ಮಲ್ಲಪ್ಪ ಮೊಣಕಾಲು ನೋವಿಗೆ ಬಣ್ಣ ಬಿಟ್ಟನೆಂದು ಹದಿನೈದು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದವನು ನಾನು. ನನಗೆ ಹಾಗೆ ಹೇಳಿದ್ದವನು ಅವನೇ. ನನ್ನ ಮನಸ್ಸು ನೋಯದಿರಲೆಂದು ಹೇಳಿರಬೇಕು. ಆ ಶಬ್ದದಲ್ಲಿ ಮುಳ್ಳಿದೆಯೋ ಇಲ್ಲವೋ ಎಂದು ಇಷ್ಟು ದಿನ ತೀರ್ಪು ಕೊಟ್ಟದ್ದು ಅಂದವರು. ಅನ್ನಿಸಿಕೊಂಡವನನ್ನು ಯಾರೂ ಸಾಕ್ಷಿಗೆ ಕರೆದಿರಲಿಲ್ಲ.

“ಮತ್ತೇನ್ ಹಾಕಲಿರಿ, ಸರ?” ಎಂದ ಅಂಗಡಿಯವನು. ಏನೂ ಬೇಡವೆಂದು ತಲೆಯಾಡಿಸಿದೆ. ಅವನು ಕಂಸವನ್ನೇ ತೆಗೆದ.

ಮೂರನೆಯ ದಿನದ ಕಾರ್ಯಕ್ಕೆ ಹೊರಟವನು ಬಸ್‌ ನಿಲ್ದಾಣದಲ್ಲಿ ಒಂದು ಗಳಿಗೆ ನಿಂತೆ. ಪಕ್ಕದ ಹಳ್ಳಿಯವರಿಬ್ಬರು, ಅಲ್ಲಿ ಕಟ್ಟಿದ್ದ ಫ್ಲೆಕ್ಸಿನಲ್ಲಿ ರುಮಾಲು ಸುತ್ತಿದ ಮಲ್ಲಪ್ಪನ ಮುಖವನ್ನು ಕತ್ತೆತ್ತಿ ನೋಡುತ್ತಿದ್ದರು.

“ಯಾವ ಮಲ್ಲಪ್ಪಲೇ ಇಂವ?”

“ಯಾಂವಗ್ಗೊತ್ತು. ಬಸ್ ಬಂತು, ನಡಿ.”

ಅವರಲ್ಲೊಬ್ಬನ ಗುರುತು ನನಗಿತ್ತು. ಮಲ್ಲಪ್ಪ ಹಡೆದವ್ವನಾಗಿ ಮಗನನ್ನು ಕಳೆದುಕೊಂಡ ರಾತ್ರಿ, ಮುಂದಿನ ಸಾಲಿನಲ್ಲಿ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡವನು. ಆ ಒಂದೇ ಒಂದು ಶಬ್ದ ನಾನು ಅಂದಿದ್ದರೆ ಇಬ್ಬರೂ ಬಸ್ಸು ಬಿಟ್ಟು ನನ್ನ ಹಿಂದೆ ಬರುತ್ತಿದ್ದರು.

ಬಸ್ಸು ಹೊರಟುಹೋಗುವವರೆಗೆ ನಾನು ಬಾಯಿ ತೆರೆಯಲಿಲ್ಲ.